ಪಕ್ಕದಲ್ಲಿ ನಿಲ್ಲಬೇಕಾದವರು

ಅವರು ಬಾಗಿಲನ್ನು ಕೈಯಿಂದ ತೆರೆದದ್ದನ್ನು ನಾನು ನೋಡಿದ್ದೇ ಇಲ್ಲ. ವಾರ್ಡಿನ ಬಾಗಿಲಿರಲಿ, ಮೆಟ್ಟಿಲ ಬಳಿಯ ಕಬ್ಬಿಣದ ಬಾಗಿಲಿರಲಿ, ಬಲ ಮೊಣಕೈಯಿಂದ ಒಂದು ಗುದ್ದು. ಅದಕ್ಕೂ ಜಗ್ಗದಿದ್ದರೆ ಸೊಂಟದಿಂದ ಇನ್ನೊಂದು. ಕೈ ತೊಳೆದ ಮೇಲೆ ರೋಗಿಯನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂಬ ನಿಯಮವನ್ನು ಇಪ್ಪತ್ತೆಂಟು ವರ್ಷ ಪಾಲಿಸಿ ಆ ಮೊಣಕೈ ಕಪ್ಪಗೆ, ಗಟ್ಟಿಯಾಗಿ ಹೋಗಿತ್ತು. ಒಮ್ಮೆ ನಮ್ಮನ್ನೆಲ್ಲ ಬೇಕರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಗಾಜಿನ ಬಾಗಿಲನ್ನೂ ಹಾಗೆಯೇ ಗುದ್ದಿ ಒಳಹೊಕ್ಕರು. ಯಾರೋ ಜಗಳಕ್ಕೇ ಬಂದರೆಂದು ಬೇಕರಿಯವನು ಗಾಬರಿಯಿಂದ ಎದ್ದು ನಿಂತ.

ಯಲಹಂಕದ ಒಂದು ನರ್ಸಿಂಗ್ ಹೋಮಿನಲ್ಲಿ, ನಾನು ಮೊದಲು ಕೆಲಸಕ್ಕೆ ಸೇರಿದ ವಾರ್ಡಿಗೆ ಅವರು ಇನ್‌ಚಾರ್ಜ್ ಸಿಸ್ಟರ್. ನಮ್ಮ ಬಾಯಲ್ಲಿ ಬರೀ 'ಸಿಸ್ಟರ್'. ಜಕ್ಕೂರಿನ ಹಳೆಯ ಊರಿನವರು. ಅವರ ಮನೆಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದು, ಅಂಗಳದ ಬಿಸಿಲೆಲ್ಲ ಹೋಗಿದ್ದರೂ ಮಾತು ಮಾತ್ರ ಊರಿನದೇ ಉಳಿದಿತ್ತು. ಡಾಕ್ಟರರ ಜೊತೆ ಇಂಗ್ಲಿಷಿನಲ್ಲಿ ಚಕಚಕನೆ ಮಾತಾಡಿ, ನಮ್ಮ ಕಡೆ ತಿರುಗಿದ ಕೂಡಲೇ "ಇಂಗಲ್ಲ ಕಣಮ್ಮ, ಅಂಗೆ" ಎಂದು ಶುರುಮಾಡುತ್ತಿದ್ದರು. ಮಧ್ಯಾಹ್ನಕ್ಕೆ ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು. ನಾನು ಬಾಗಲಗುಂಟೆಯಿಂದ ಎರಡು ಬಸ್ಸು ಬದಲಿಸಿ ಬರುವವಳು. ಬೆಳಿಗ್ಗೆ ಅವಸರದಲ್ಲಿ ತಿಂಡಿ ಬಿಟ್ಟಿದ್ದರೆ ಅದು ಹೇಗೋ ಅವರಿಗೆ ಗೊತ್ತಾಗುತ್ತಿತ್ತು. ಅರ್ಧ ಮುದ್ದೆ ಮುರಿದು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿ, "ಅಸ್ಕೊಂಡಿರೋ ನರ್ಸು ಅರ್ಧ ನರ್ಸು" ಎನ್ನುತ್ತಿದ್ದರು.

ನಮ್ಮಲ್ಲಿ ಒಂದು ಕಟ್ಟಳೆಯಿತ್ತು. ಹೊಸದಾಗಿ ಸೇರಿದ ನರ್ಸು ಮೊದಲ ಆರು ತಿಂಗಳು ಇನ್ಸುಲಿನ್‌ನಂಥ ಅಪಾಯದ ಔಷಧಿಯನ್ನು ಒಬ್ಬಳೇ ಕೊಡುವಂತಿಲ್ಲ. ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಚಾರ್ಟಿನಲ್ಲಿ ಎರಡು ಸೈನು: ಕೊಟ್ಟವಳದು ಒಂದು, ನೋಡಿದವರದು ಇನ್ನೊಂದು. ಕೆಲವು ವಾರ್ಡುಗಳಲ್ಲಿ ಹಿರಿಯರು ಡ್ಯೂಟಿ ಮುಗಿಯುವ ಹೊತ್ತಿಗೆ ಬಂದು, ಎಲ್ಲ ಚಾರ್ಟುಗಳಿಗೂ ಒಟ್ಟಿಗೆ ಸೈನು ಗೀಚಿ ಹೋಗುತ್ತಿದ್ದರು. ನಮ್ಮ ಸಿಸ್ಟರ್ ಹಾಗಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. ಬಾಟಲಿ ಓದು ಎನ್ನುವರು, ಸಿರಿಂಜು ತೋರಿಸು ಎನ್ನುವರು, ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸು ಎನ್ನುವರು. ನನಗೋ ಒಳಗೊಳಗೇ ಉರಿ. ಕೋರ್ಸಿನಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದವಳು ನಾನು. ಇವರೇನು ನನ್ನನ್ನು ಅಂಗನವಾಡಿ ಮಗುವಿನ ಥರ ನೋಡುತ್ತಾರಲ್ಲ ಎಂದು ಮೂಗು ಮುರಿಯುತ್ತಿದ್ದೆ.

ನಾನು ಸೇರಿ ಆರನೇ ವಾರ. ಮಾರನೆಯ ದಿನ ಆಸ್ಪತ್ರೆಗೆ ಇನ್‌ಸ್ಪೆಕ್ಷನ್ ಇತ್ತು. ಅದರ ಕಾಗದಪತ್ರ ಸರಿಮಾಡಲು ಸಿಸ್ಟರನ್ನು ಬೆಳಿಗ್ಗೆಯೇ ಕೆಳಗಿನ ಮೀಟಿಂಗ್ ರೂಮಿಗೆ ಕರೆದರು. ವಾರ್ಡಿನಲ್ಲಿದ್ದ ಇನ್ನೊಬ್ಬ ಹಿರಿಯ ನರ್ಸನ್ನು ಹೆರಿಗೆ ವಾರ್ಡಿನವರು 'ಒಂದೇ ಒಂದು ಗಂಟೆ' ಎಂದು ಕೇಳಿದಾಗ, ಸಿಸ್ಟರೇ ಕೆಳಗಿನಿಂದ ಫೋನಿನಲ್ಲಿ ಆಗಲಿ ಎಂದರು. ನನಗೆ ಹೇಳಿದ್ದು ಇಷ್ಟೇ: "ಊಟಕ್ಕೆ ಮುಂಚೆ ಇನ್ಸುಲಿನ್ ಐತಲ್ಲ, ಆ ಟೈಮಿಗೆ ಬಂದ್ಬುಡ್ತೀನಿ. ಕಾಯಿ." ಹದಿನಾಲ್ಕು ರೋಗಿಗಳು, ಒಬ್ಬಳೇ ನಾನು. ಹೆದರಿಕೆಯಾಯಿತು ಎಂದರೆ ಸುಳ್ಳಾದೀತು. ಕೊನೆಗೂ ಇಡೀ ವಾರ್ಡು ನನ್ನ ಕೈಗೆ ಬಂತಲ್ಲ ಎಂದು ಬೀಗುತ್ತಲೇ ಓಡಾಡಿದೆ.

ಊಟದ ಗಾಡಿ ಬಂತು. ಸಿಸ್ಟರ್ ಬರಲಿಲ್ಲ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಆರ್.ಟಿ. ನಗರದ ಒಬ್ಬ ಹಿರಿಯ ಟೈಲರ್ ಸಾಹೇಬರಿದ್ದರು, ಕಾಲಿನ ಹುಣ್ಣಿಗೆಂದು ಸೇರಿದ್ದವರು. ತಟ್ಟೆಯ ಮುಚ್ಚಳ ತೆಗೆದು ಕೂತಿದ್ದರು. "ಬೇಟಿ, ಸೂಜಿ ಹಾಕಿಬಿಡು. ಅನ್ನ ತಣ್ಣಗಾಗ್ತಾ ಇದೆ, ಹೊಟ್ಟೆ ಬಿಸಿಯಾಗ್ತಾ ಇದೆ" ಎಂದರು. ಒಂದು ಸಲ ಬಾಗಿಲ ಕಡೆ ನೋಡಿದೆ. ಇದೇನು ಬ್ರಹ್ಮವಿದ್ಯೆಯೇ ಅನ್ನಿಸಿತು. ಡಾಕ್ಟರು ಬರೆದಿದ್ದ ಹಾಗೆ ಸಿರಿಂಜಿನ ಹತ್ತು ಯೂನಿಟ್ಟಿನ ಗೆರೆಗೆ ಎಳೆದೆ, ಕೊಟ್ಟೆ, ನನ್ನ ಸೈನು ಹಾಕಿದೆ. ಸಾಹೇಬರು ಬಿಸ್ಮಿಲ್ಲಾ ಎಂದು ಅನ್ನಕ್ಕೆ ಕೈ ಹಾಕಿದರು.

ಬಾಟಲಿಯನ್ನು ಫ್ರಿಜ್ಜಿಗಿಡುವಾಗ ಒಂದು ಮಿಲಿಗೆ ಎಷ್ಟು ಯೂನಿಟ್ ಎಂದು ಅದರ ಮೇಲೆ ಬರೆದಿದ್ದ ಅಂಕಿ ಕಣ್ಣಿಗೆ ಬಿತ್ತು. ನೂರು. ನನ್ನ ಕೈಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜು, ನಲವತ್ತರ ಬಾಟಲಿಗೆ ಬಳಸುವಂಥದು. ನಮ್ಮಲ್ಲಿ ಯಾವಾಗಲೂ ಇರುತ್ತಿದ್ದದ್ದು ನಲವತ್ತರದೇ. ಅದು ಮುಗಿದಿದೆ, ಇವತ್ತು ನೂರರದು ಬಂದಿದೆ, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜನ್ನೇ ಬಳಸಿ ಎಂದು ಬೆಳಿಗ್ಗೆ ರಾತ್ರಿಪಾಳಿಯವರು ಹೇಳಿಯೇ ಹೋಗಿದ್ದರು. ನಾನು ತಲೆಯಾಡಿಸಿಯೂ ಇದ್ದೆ. ನೂರರ ಔಷಧಿ ಎರಡೂವರೆ ಪಟ್ಟು ಗಟ್ಟಿ. ಹತ್ತು ಹೋಗಬೇಕಾದ ಕಡೆ ಇಪ್ಪತ್ತೈದು ಹೋಗಿತ್ತು. ಸಕ್ಕರೆ ಪೂರ್ತಿ ಇಳಿದುಬಿಟ್ಟರೆ ಮನುಷ್ಯ ಎಚ್ಚರ ತಪ್ಪುತ್ತಾನೆ, ಹೋಗಿಯೂ ಬಿಡಬಹುದು.

ನಿಜ ಹೇಳುತ್ತೇನೆ, ಮೊದಲು ಬಂದ ಯೋಚನೆ ಸಾಹೇಬರದಲ್ಲ, ನನ್ನದೇ. ಕೆಲಸ ಹೋಗುತ್ತದೆ, ನರ್ಸ್ ಎಂಬ ರಿಜಿಸ್ಟ್ರೇಷನ್ನೂ ಹೋಗುತ್ತದೆ, ಅಪ್ಪನಿಗೆ ಏನು ಹೇಳಲಿ. ಅವರು ಊಟ ಮಾಡುತ್ತಿದ್ದಾರಲ್ಲ, ಮೇಲೊಂದು ಲೋಟ ಸಕ್ಕರೆ ನೀರು ಕುಡಿಸಿ ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನ್ನಿಸಿತು. ಲೋಟ ಕೈಗೆ ತೆಗೆದುಕೊಂಡೂ ಇದ್ದೆ. ಅಷ್ಟರಲ್ಲಿ ಸಾಹೇಬರು ನನ್ನನ್ನು ನೋಡಿ ನಕ್ಕರು. ನಾನು ಲೋಟ ಅಲ್ಲೇ ಇಟ್ಟೆ. ಅವರನ್ನು ನೋಡಿಕೊಳ್ಳುವಂತೆ ಆಯಾಗೆ ಹೇಳಿ, ಎರಡು ಮಹಡಿ ಇಳಿದು ಓಡಿ, ಮೀಟಿಂಗ್ ರೂಮಿನಲ್ಲಿ ಎಲ್ಲರ ಮುಂದೆಯೇ ಹೇಳಿಬಿಟ್ಟೆ.

ಸಿಸ್ಟರ್ ಯಾಕೆ ಎಂದು ಕೇಳಲಿಲ್ಲ. "ಎಷ್ಟೊತ್ತಾಯ್ತು?" ಎಂದರು. ನಾಲ್ಕು ನಿಮಿಷ ಎಂದೆ. ಅವರು ಆಗಲೇ ಮೆಟ್ಟಿಲ ಮೇಲಿದ್ದರು.

ಡಾಕ್ಟರು ಬಂದರು, ಗ್ಲೂಕೋಸ್ ಡ್ರಿಪ್ ಏರಿತು. ಕಾಲು ಗಂಟೆಗೊಮ್ಮೆ ಸಾಹೇಬರ ಬೆರಳು ಚುಚ್ಚಿ ಸಕ್ಕರೆ ನೋಡುವ ಕೆಲಸ ನನ್ನದು. ಸಿಸ್ಟರ್ ಕೈ ಕಟ್ಟಿಕೊಂಡು ಪಕ್ಕದಲ್ಲಿ. ಒಮ್ಮೆ ಸಕ್ಕರೆ ಇಳಿದು ಸಾಹೇಬರು ಬೆವೆತು ನಡುಗಿದರು. ಮತ್ತೆ ಏರಿತು. ಡ್ಯೂಟಿ ಮುಗಿದರೂ ಸಂಜೆ ಏಳರವರೆಗೆ ಇಬ್ಬರೂ ಕದಲಲಿಲ್ಲ. ನಡುವೆ ಸಿಸ್ಟರ್ ನನ್ನ ಬೆನ್ನಿಗೆ ತಿವಿದು, "ಅವ್ರಿಗೂ ಗೊತ್ತಾಗ್ಬೇಕು. ನಿನ್ ಬಾಯಿಂದ್ಲೇ ಓಗ್ಲಿ ಮಾತು" ಎಂದರು. ತೊದಲುತ್ತಾ ಹೇಳಿದೆ. ಸಾಹೇಬರು ಸಕ್ಕರೆ ಹಾಕಿದ ಟೀ ಕುಡಿಯುತ್ತಿದ್ದರು, ಅಂಥದು ಸಿಕ್ಕಿದ್ದು ನಾಲ್ಕು ವರ್ಷದ ನಂತರವಂತೆ. ಪೂರ್ತಿ ಕೇಳಿ, "ನಾನೂ ಎಷ್ಟೋ ಜನದ ಪ್ಯಾಂಟು ಗಿಡ್ಡ ಮಾಡಿದೀನಿ ಬೇಟಿ. ಒಗೆದಾಗ ಕುಗ್ಗಿದೆ ಅಂದ್‌ಬಿಡ್ತಿದ್ದೆ. ನೀನು ಹೇಳಿದೆಯಲ್ಲ" ಎಂದು ಇನ್ನೊಂದು ಗುಟುಕು ಹೀರಿದರು.

ಆಡಳಿತದವರಿಗೆ ಅಷ್ಟು ಸುಲಭಕ್ಕೆ ನಗು ಬರಲಿಲ್ಲ. ಬೆಳಗಾದರೆ ಇನ್‌ಸ್ಪೆಕ್ಷನ್, ಚಾರ್ಟಿನಲ್ಲಿ ಎರಡನೇ ಸೈನಿನ ಜಾಗ ಖಾಲಿ. ಮ್ಯಾನೇಜರು ಚಾರ್ಟನ್ನು ಸಿಸ್ಟರ್ ಮುಂದೆ ಸರಿಸಿ, "ಒಂದು ಸೈನ್ ಹಾಕಿ ಸಿಸ್ಟರ್, ನೀವು ಬಿಲ್ಡಿಂಗ್‌ನಲ್ಲೇ ಇದ್ರಲ್ಲ. ಇಲ್ಲಾಂದ್ರೆ ಈ ಹುಡುಗಿ ನಿಮ್ಮ ಮಾತು ಮೀರಿದ್ಲು ಅಂತ ಬರೆದುಕೊಡಿ, ಅವಳನ್ನ ಕಳಿಸಿಬಿಡ್ತೀವಿ" ಎಂದರು. ನಾನು ಬಾಗಿಲ ಬಳಿ ನಿಂತಿದ್ದೆ. ಸಿಸ್ಟರಿಗೆ ಸೂಪರಿಂಟೆಂಡೆಂಟ್ ಹುದ್ದೆ ಇನ್ನೇನು ಕೈಗೆ ಬರುವುದರಲ್ಲಿತ್ತು ಎಂಬುದು ಇಡೀ ಆಸ್ಪತ್ರೆಗೆ ಗೊತ್ತಿತ್ತು.

"ನೋಡದೇ ಇರೋದಕ್ಕೆ ಸೈನ್ ಆಕಲ್ಲ ಸಾರ್" ಎಂದರು ಸಿಸ್ಟರ್. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಅಲ್ಲಿ ಯಾರೂ ಇರಲಿಲ್ಲ ಎಂದು ಬರೆದರು.

ಹೊರಗೆ ಬಂದ ಮೇಲೆ ನನಗೆ ಎಲ್ಲಿಲ್ಲದ ಧೈರ್ಯ ಬಂತು. ನೀವು ಬರ್ತೀನಿ ಅಂದವರು ಬರಲೇ ಇಲ್ಲವಲ್ಲ ಸಿಸ್ಟರ್, ನಾನೊಬ್ಬಳೇ ಏನು ಮಾಡಲಿ ಎಂದು ಅತ್ತೆ. ಅವರು ಬೆಂಚಿನ ಮೇಲೆ ಕೂರಿಸಿ, ನನ್ನ ಕೈಗೆ ಪೆನ್ನು ಕೊಟ್ಟರು. "ನಾನ್ ಬರ್ನಿಲ್ಲ, ನಿನ್ನ ಒಬ್ಳೇ ಬುಟ್ಟೆ. ಅದು ನನ್ ತಪ್ಪು, ನಾನ್ ಬರ್ಕೊತೀನಿ. ಸಿರಿಂಜು ನಿನ್ ಕೈಲಿತ್ತು, ಅದು ನಿಂದು, ನೀನ್ ಬರಿ. ನನ್ ತಪ್ಪಿನ ಇಂದೆ ನೀನ್ ಅವಿತ್ಕಬೇಡ, ನಿನ್ ಇಂದೆ ನಾನೂ ಅವಿತ್ಕಳಲ್ಲ." ತಮಗೂ ಒಂದು ಹಾಳೆ ತೆಗೆದುಕೊಂಡು, "ಇನ್ಮೇಲೆ ಪಕ್ಕದಾಗೆ ಯಾರೂ ಇಲ್ಲ ಅಂದ್ರೆ ಕೊಡಲ್ಲ ಅನ್ನು. ಯಾರ್ ಬೈದ್ರೂ ಬೈಲಿ. ಊಟ ಆರಿದ್ರೆ ಬಿಸಿ ಮಾಡ್ಬೋದು" ಎಂದರು. ಒಂದೇ ಬೆಂಚಿನಲ್ಲಿ ಕೂತು ಇಬ್ಬರೂ ಬೇರೆ ಬೇರೆ ಕಾಗದ ಬರೆದೆವು.

ನನಗೊಂದು ಎಚ್ಚರಿಕೆಯ ಮೆಮೊ ಸಿಕ್ಕಿತು, ಕೆಲಸ ಉಳಿಯಿತು. ಸಿಸ್ಟರಿಗೂ ಮೆಮೊ, ಆ ಹುದ್ದೆ ಬೇರೆಯವರಿಗೆ ಹೋಯಿತು. ಅವರಿಗೆ ಬೇಜಾರಾಗಲಿಲ್ಲ ಎಂದರೆ ಯಾರೂ ನಂಬಬೇಡಿ. ಮೂರು ದಿನ ಯಾರ ಜೊತೆಯೂ ಊಟಕ್ಕೆ ಕೂರಲಿಲ್ಲ. ನಾಲ್ಕನೇ ದಿನ ಡಬ್ಬಿ ತೆರೆದು, ಮುದ್ದೆ ಮುರಿದು, "ಮುಚ್ಚಳ ತತ್ತಾ" ಎಂದರು. ಅಂದಿನಿಂದ ಅವರು ಪಕ್ಕದಲ್ಲಿ ಬಂದು ನಿಂತರೆ ನಾನೇ ಮೊದಲು ಬಾಟಲಿ ಓದುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಹೆಬ್ಬಾಳದ ಕಡೆ ದೊಡ್ಡ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದೆ. ಹಿಂದಿನ ಇನ್‌ಚಾರ್ಜ್ ಕೈಯಿಂದ ಒಂದು ಪತ್ರ ಬೇಕೆಂದರು. ಸಿಸ್ಟರ್ ಆಗಲೇ ನಿವೃತ್ತರಾಗಿ ಜಕ್ಕೂರಿನ ಮನೆಯಲ್ಲಿದ್ದರು. ಪತ್ರ ಬರೆದು, ಲಕೋಟೆಗೆ ಅಂಟು ಹಚ್ಚಿ, "ಒಡೀಬೇಡ" ಎಂದು ಕೊಟ್ಟರು. ಬಸ್ಸಿನಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದ್ದು ನಿಜ. ಏನೂ ಕಾಣಲಿಲ್ಲ.

ಸಂದರ್ಶನದಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್ ಮೇಡಂ ಅದನ್ನು ಒಡೆದು ಓದಿದರು. ಹುಬ್ಬು ಮೇಲೇರಿತು. ಮತ್ತೊಮ್ಮೆ, ಈ ಸಲ ನನಗೂ ಕೇಳುವಂತೆ ಓದಿದರು: "ಈಕೆ ಸೇರಿದ ಆರನೇ ವಾರದಲ್ಲಿ ಇನ್ಸುಲಿನ್ ಹೆಚ್ಚು ಕೊಟ್ಟಳು. ಆಗ ಪಕ್ಕದಲ್ಲಿ ಇರಬೇಕಾಗಿದ್ದವಳು ನಾನು, ಇರಲಿಲ್ಲ." ಮುಗಿಯಿತು, ಸಿಸ್ಟರೇ ನನ್ನನ್ನು ಮುಗಿಸಿದರು ಅಂದುಕೊಂಡೆ. ಮೇಡಂ ಹಾಳೆ ತಿರುಗಿಸಿ ಉಳಿದದ್ದನ್ನು ಓದಿದರು: "ನಾಲ್ಕು ನಿಮಿಷದಲ್ಲಿ ತಾನೇ ಓಡಿಬಂದು ಹೇಳಿದಳು. ರೋಗಿ ಉಳಿದದ್ದು ಅದರಿಂದ. ನಿಮ್ಮಲ್ಲಿಗೆ ಹೊಸದಾಗಿ ಬರುವ ಹುಡುಗಿಯರ ಪಕ್ಕದಲ್ಲಿ ಈಕೆಯನ್ನು ನಿಲ್ಲಿಸಿ."