ಎಮ್ಮೆಗುಂಡಿನ ಬೆನ್ನು ನೆನೆಯುವ ತನಕ

ನಮ್ಮತ್ತೆಗೆ ಸಿಟ್ಟು ಬಂದಾಗಲೆಲ್ಲ ಒಂದೇ ಮಾತು: "ಮಸ್ಕಿ ಹಳ್ಳದಾಗ ಹಿಮ್ಮಡ ತೊಳಕೊಂಡಾಕಿ ನೀ, ನಿನಗೇನ್ ಗೊತ್ತಾಗ್ತದಬೇ ಹೊಳಿ ಅಂದ್ರ!" ಚುಚ್ಚುವ ಮಾತೇ, ಆದರೆ ಸುಳ್ಳಾಗಿರಲಿಲ್ಲ. ನಾನು ಮಸ್ಕಿಯವಳು. ನಮ್ಮೂರ ಹಳ್ಳದಲ್ಲಿ ವರ್ಷದ ಮುಕ್ಕಾಲು ಪಾಲು ಕತ್ತೆಗಳು ಮಲಗಿರುತ್ತಿದ್ದವು. ಅಂಥವಳನ್ನು ತಂದು ಸಿಂಧನೂರಿನಿಂದಲೂ ಕೆಳಗೆ, ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ನಡೆಸುವವರ ಮನೆಗೆ ಕೊಟ್ಟರು. ಮೊದಲ ವರ್ಷ ತುಂಬಿದ ಹೊಳೆಯನ್ನು ನೋಡಿ ನಾನು ಹೆದರಿ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡದ್ದನ್ನು ಊರೆಲ್ಲ ಆಡಿಕೊಂಡು ನಕ್ಕಿತ್ತು.

ನಾನು ಹೇಳುತ್ತಿರುವುದು ರಜಾಕಾರರ ಗದ್ದಲ ಮುಗಿದು, ನಮ್ಮ ದಂಡೆಯ ಮೇಲಿದ್ದ ನಿಜಾಮರ ನಾಕಾ ಎದ್ದುಹೋಗಿ ಕೆಲವು ವರ್ಷಗಳಾದ ಮೇಲಿನ ಸಂಗತಿ. ಮಾವ ತೀರಿಕೊಂಡಿದ್ದರು. ಹೊಳೆ ದಾಟಿಸುವ ಹಕ್ಕು ಅತ್ತೆಯದು, ಹುಟ್ಟು ಹಾಕುವ ರಟ್ಟೆ ನನ್ನ ಗಂಡನದು. ಎರಡೂ ದಂಡೆಯ ಹಳ್ಳಿಯವರು ಸುಗ್ಗಿಯಲ್ಲಿ ಜೋಳ ಅಳೆದು ಕೊಡುತ್ತಿದ್ದರು. ಹೊಳೆ ತುಂಬಿತೆಂದರೆ ಗೊರೇಬಾಳದ ಸಾವುಕಾರನಾದರೂ ಅತ್ತೆಯ ಮುಂದೆ ಕೈಕಟ್ಟಿ ನಿಲ್ಲಬೇಕು. "ಯಮ್ಮಾ, ಸ್ವಲ್ಪ ಲಗು ದಾಟಸ್ರಿ" ಎಂದು ಅವನು ಗೋಗರೆದರೆ ಆಕೆ ಎಲೆ ಮಡಿಚುತ್ತಾ, "ಹೊಳಿಗೆ ಅವಸರ ಇಲ್ರಿ, ನಿಮಗ್ಯಾಕ?" ಎನ್ನುವಳು. ಆ ಗತ್ತು ನೋಡಲು ನನಗೂ ಹಿಗ್ಗಾಗುತ್ತಿತ್ತು.

ಮುಂಗಾರಿನ ಮಿರಗದ ಮಳೆ ಶುರುವಾಗುವ ಹೊತ್ತಿಗೆ ನಮ್ಮ ತಯಾರಿ ನಡೆಯುತ್ತಿತ್ತು. ಲಿಂಗಸುಗೂರಿನ ಕಡೆಯಿಂದ ತಂದ ಎತ್ತಿನ ತೊಗಲನ್ನು ನೆನೆಹಾಕಿ, ಬಿದಿರ ಬುಟ್ಟಿಯಂಥ ಚೌಕಟ್ಟಿಗೆ ಬಿಗಿದು, ಬಾರಿನಿಂದ ಹೊಲಿದು, ಔಡಲೆಣ್ಣೆ ತಿಕ್ಕುವುದು. ದಂಡೆಯ ಮೆಟ್ಟಿಲುಗಳ ಹೂಳು ತೆಗೆಯುವುದು. ಕಾಯುವ ಜನರಿಗೆ ಜಂಬುಹುಲ್ಲಿನ ಚಪ್ಪರ ಹಾಕುವುದು. ಎಲ್ಲ ಮುಗಿದ ಮೇಲೆ ಮನೆಯ ಹಿರಿಯರು ಹರಿಗೋಲಿಗೆ ಅರಿಶಿಣ ಬಳಿಯಬೇಕು. ಬಳಿದವರು ಅವತ್ತಿನಿಂದ ಹೊಳೆಯೊಳಗೆ ಕಾಲಿಡುವಂತಿಲ್ಲ. ನಡುಹೊಳೆಯಲ್ಲಿ ಮಲಗಿದ ಎಮ್ಮೆಯಂಥ ಒಂದು ಬಂಡೆಯಿತ್ತು, ಎಮ್ಮೆಗುಂಡು ಎನ್ನುತ್ತಿದ್ದೆವು. ಅದರ ಬೆನ್ನು ನೆನೆಯುವಷ್ಟು ನೀರು ಬಂದ ಮೇಲೆ, ಗಂಗವ್ವನಿಗೆ ಅರಿಶಿಣ ಕುಂಕುಮ ಬಿಟ್ಟು, ಹರಿಗೋಲಲ್ಲೇ ದಾಟಬೇಕು. ಹೊಳೆಯನ್ನು ಕರೆದು, ಬರುವ ಮೊದಲೇ ಅವಳ ಹಾದಿಯನ್ನು ತುಳಿಯಬಾರದು ಎಂಬುದು ಅದರ ಅರ್ಥ.

ಮಾವ ಈ ಕಟ್ಟನ್ನು ನಕ್ಕು ಮೀರಿದವರು. ಒಂದು ವರ್ಷ ಅರಿಶಿಣ ಬಳಿದ ಕೈಯಲ್ಲೇ, ತಂಬಾಕು ತರುತ್ತೇನೆಂದು ಒಣ ಹೊಳೆಯನ್ನು ನಡೆದು ದಾಟುತ್ತಿದ್ದರಂತೆ. ಇಲ್ಲಿ ಮುಗಿಲಲ್ಲಿ ಒಂದು ಮೋಡವಿಲ್ಲ. ಮೇಲೆಲ್ಲೋ ಮಳೆಯಾಗಿ ನೀರು ಗೋಡೆಯ ಹಾಗೆ ಬಂತು. ಮೊಸಳೆಯ ಹಾಗೆ ಈಜುವ ಮನುಷ್ಯ ಎಮ್ಮೆಗುಂಡಿನ ಹತ್ತಿರ ಕಣ್ಮರೆಯಾದರು. ಅಂದಿನಿಂದ ಅರಿಶಿಣ ಬಳಿಯುವುದು ಅತ್ತೆಯ ಪಾಲಿಗೆ ಬಂತು, ಆ ಹೆದರಿಕೆಯೂ ಬಂತು.

ಆಕೆಯ ಒಬ್ಬಳೇ ಮಗಳು, ಅಂದರೆ ನನ್ನ ನಾದಿನಿ, ಆಚೆ ದಂಡೆಯ ಊರಿನಲ್ಲಿದ್ದಳು. ಆ ವರ್ಷ ಎರಡನೆಯ ಬಸುರಿ, ಈ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕಿತ್ತು. ಮೊದಲ ಹೆರಿಗೆ ನಮ್ಮಲ್ಲೇ ಆಗಿತ್ತು. ಕೂಸು ಅಡ್ಡಬಿದ್ದಿತ್ತು, ಅತ್ತೆಯೇ ಎಣ್ಣೆಗೈಯಿಂದ ತಿರುವಿ ಹೊರಗೆ ತಂದು ಇಬ್ಬರನ್ನೂ ಉಳಿಸಿಕೊಂಡಿದ್ದಳು. ಸುತ್ತಿನ ಊರುಗಳಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ಹೋದ ಸಲ ಬಂದಾಗ ನಾದಿನಿ ತಾಯಿಯ ಸೆರಗು ಹಿಡಿದು ಕೇಳಿದ್ದಳು: "ನೀ ಬರ್ತಿ ಹೌದಿಲ್ಲೋ? ಅಲ್ಲಿ ಮುದುಕೇರ ಕೈಯಾಗ ನನ್ನ ಕೊಡಬ್ಯಾಡ." ಅತ್ತೆ ನಕ್ಕಿದ್ದಳು. "ಹೊಳಿ ಬಂದ ಮರುದಿನಾನ ಬರ್ತೀನಿ. ಮದಲನೇ ಹರಗೋಲದಾಗ ನಾನ ಇರ್ತೀನಿ. ನಾ ಬರೂಮಟ ಹಡೀಬ್ಯಾಡ ಮತ್ತ!" ಮಿರಗದ ಹಿಂದೆಯೇ ಬರುವ ಅರಿದ್ರೆ ಮಳೆಗೆ ಹೊಳೆ ಬರುವುದು, ಮಗಳಿಗೆ ದಿನ ತುಂಬುವುದು ಅದಾದ ಮೇಲೆ, ಆಕೆಯ ಲೆಕ್ಕ ಸರಿಯಾಗಿಯೇ ಇತ್ತು.

ಅರಿದ್ರೆ ಬಂತು, ಹೋಯಿತು. ಹೊಳೆ ಬರಲಿಲ್ಲ. ಮೇಲೆ ಮಳೆ ಜೋರಾಗಿದೆಯೆಂದು ಸಂತೆಗೆ ಬಂದವರು ಹೇಳುತ್ತಿದ್ದರು, ನಮ್ಮ ಮುಂದೆ ಮಾತ್ರ ಉಸುಕು, ಉಸುಕಿನ ನಡುವೆ ಒಂದೊಂದು ಮಡುವು. ಜವಳಗೇರಾದ ಹತ್ತಿರ ಕಾಲುವೆ ಅಗೆಯುವ ಕೆಲಸಕ್ಕೆ ಬೇಸಿಗೆಯಲ್ಲಿ ಹೋಗಿಬಂದಿದ್ದ ನನ್ನ ಗಂಡನಿಗೆ ಸುಳಿವು ಸಿಕ್ಕಿತ್ತು. "ಯವ್ವಾ, ಮ್ಯಾಲೆ ಡ್ಯಾಂ ಕಟ್ಯಾರ. ಬಾಗಲಾ ಹಾಕ್ಯಾರಂತ. ಅದು ತುಂಬೂಮಟ ಇಲ್ಲಿಗಿ ನೀರ ಬರಂಗಿಲ್ಲ" ಎಂದ.

"ಹೊಳಿಗೆ ಯಾರರ ಬಾಗಲಾ ಹಾಕ್ತಾರೇನ್ಲೇ? ಅದೇನ್ ನಿಮ್ಮಪ್ಪನ ದನದ ಕೊಟ್ಟಿಗ್ಯಾ?"

"ಹೂಂ, ಕೂಸು ಹುಟ್ಟೂಕಿಂತ ಮದ್ಲ ಕುಲಾಯಿ ಹೊಲಿಸಿದಂಗ ಆತು ನಮ್ಮ ಹರಗೋಲದ ಕತಿ" ಎಂದು ಅವನು ಗೊಣಗಿದ್ದೇ ತಡ, ಅತ್ತೆ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. "ತಂಗಿ ತುಂಬಿದ ಬಸರಿ ಅದಾಳ. ನಾಲಿಗಿಗೆ ಎಲುಬಿಲ್ಲೇನ ನಿನಗ?"

ತೊಗಲು ಬಿಸಿಲಿಗೆ ಒಣಗಿದರೆ ಸೀಳು ಬಿಡುತ್ತದೆ. ನೀರಿಲ್ಲದ ಮೇಲೆ ನೀರನ್ನೇ ಅದಕ್ಕೆ ತಂದು ಹಾಕಬೇಕಾಯಿತು. ದಿನಾ ಬೆಳಗ್ಗೆ, ಸಂಜೆ ನಾನು ಮಡುವಿನಿಂದ ಕೊಡ ಹೊತ್ತು ತಂದು ಹರಿಗೋಲಿನ ಹೊಟ್ಟೆಗೆ ಸುರಿಯುತ್ತಿದ್ದೆ. ಹೊಳೆಯ ಮೇಲೆ ತೇಲಬೇಕಾದದ್ದಕ್ಕೆ ನಾನು ಸೊಂಟ ಮುರಿದುಕೊಂಡು ನೀರು ಕುಡಿಸುತ್ತಿದ್ದೆ. ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ಕುಳಿತು ಹೊಳೆ ಬರುವ ಪಡುವಣವನ್ನೇ ನೋಡುವಳು. ಮೊದಲು ನೊರೆ ಬರಬೇಕು, ಅದರ ಹಿಂದೆ ಜಾಲಿಕಾಯಿ, ಒಣಕಡ್ಡಿ, ಆಮೇಲೆ ಕೆಂಪು ನೀರು. ಅದೇ ಹೊಳೆಯಲ್ಲಿ, ಆಕೆಯ ಕಣ್ಣೆದುರಿಗೇ, ಕುರಿಗಳು ಆಚೆಗೆ ದಾಟಿ ಮೇಯ್ದು ಬರುತ್ತಿದ್ದವು. ಬಂಡಿಗಳು ಹೋಗುತ್ತಿದ್ದವು. ಜೋಳ ಅಳೆದು ಕೊಡುವ ಜನ ನಮ್ಮ ಚಪ್ಪರದ ಕಡೆ ಒಂದು ನೋಟ ಹಾಕಿ, ಮುಖ ತಿರುಗಿಸಿಕೊಂಡು ಉಸುಕಿಗೆ ಇಳಿಯುತ್ತಿದ್ದರು.

ಹೀಗಿರುವಾಗ ಒಂದು ಮುಂಜಾನೆ ಆಚೆಯಿಂದ ಆಳು ಓಡಿಬಂದ. ನಾದಿನಿಗೆ ದಿನಕ್ಕಿಂತ ಮೊದಲೇ ಬ್ಯಾನೆ ಎದ್ದಿತ್ತು. "ಕೂಸಿನ ಕಾಲು ಮುಂದ ಬಂದಾವಂತ್ರಿ. ನಿಮ್ಮನ್ನ ಕರಕೊಂಡ ಬಾ ಅಂದಾರ."

ಅತ್ತೆ ಎದ್ದು ನಿಂತಳು. ಎಣ್ಣೆಯ ಕುಡಿಕೆ, ಹಳೆಯ ಸೀರೆಯ ಗಂಟು, ಎಲ್ಲ ಕಂಕುಳಿಗೆ ಬಂದವು. ಮೆಟ್ಟಿಲಿಳಿದು ಕೊನೆಯ ಮೆಟ್ಟಿಲ ಮೇಲೆ ನಿಂತೇಬಿಟ್ಟಳು. ಮುಂದೆ ಉಸುಕು. ನಾನು ಕೈಹಿಡಿದು ಎಳೆದೆ. ಆಕೆ ಕೈ ಬಿಡಿಸಿಕೊಂಡಳು.

"ಅರಿಶಿಣ ಬಳದೀನಬೇ."

"ಬಳದ್ರ ಬಳದೀರಿ! ಮಗಳು ಸಾಯಾಕತ್ಯಾಳ!"

"ಅವರಪ್ಪನ್ನ ಒಯ್ದಾಳ ಗಂಗವ್ವ. ನಾ ಕಾಲಿಟ್ರ ನನಗಲ್ಲ, ಆಕಿಗೆ ಕೇಡು. ಇವತ್ತ ಬರ್ತಾಳ ಹೊಳಿ. ವಾಸನಿ ಬರಾಕತ್ತೈತಿ. ನೀ ಮುಂದ ಹೋಗು, ನಾ ನೀರಿನ ಹಿಂದ ಬಂದ ಬಿಡ್ತೀನಿ."

ನಾನೊಬ್ಬಳೇ ಹೋದೆ. ದಾರಿಯುದ್ದಕ್ಕೂ ಅತ್ತೆಯನ್ನು ಬೈದೆ, ಹೊಳೆಯನ್ನು ಬೈದೆ, ನೋಡದ ಆ ಡ್ಯಾಮನ್ನೂ ಬೈದೆ. ಅಲ್ಲಿ ನನ್ನಿಂದ ಏನಾದೀತು? ನಾನು ಬೆವರು ಒರೆಸಿದೆ, ಕೈ ಹಿಡಿದೆ. ನಾದಿನಿ ಪ್ರತಿ ಸಲವೂ ಬಾಗಿಲು ನೋಡುವಳು. "ಅವ್ವ ಎಲ್ಲಿ?" ಎನ್ನುವಳು. "ಹಿಂದ ಬರಾಕತ್ತಾರ" ಎನ್ನುತ್ತಿದ್ದೆ. ಊರ ಮುದುಕಿಯರು ಎಳೆದಾಡಿ, ಕೊನೆಗೆ ಹೊತ್ತು ಮುಳುಗುವಾಗ ಕೂಸು ಬಂತು. ಗಂಡು. ನೀಲಿಗಟ್ಟಿತ್ತು. ಅಳು ಬೆಕ್ಕಿನ ಮರಿಯದಕ್ಕಿಂತ ಸಣ್ಣದು. ಬೆಳಗಾದರೂ ಮೊಲೆ ಹಿಡಿಯಲಿಲ್ಲ, ತಾಯಿಯ ಮೈ ಕಾದ ಹಂಚಾಗಿತ್ತು. ನಾನು ಮತ್ತೆ ಹೊಳೆಗೆ ಇಳಿದು ಓಡಿದೆ.

ಅತ್ತೆ ಅದೇ ಮೆಟ್ಟಿಲ ಮೇಲೆ, ಅದೇ ಗಂಟು ಹಿಡಿದು ಕುಳಿತಿದ್ದಳು. ನಾನು ಹೇಳಿದ್ದನ್ನು ಕೇಳಿ ಎದೆ ಎದೆ ಬಡಿದುಕೊಂಡಳೇ ಹೊರತು ಏಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಹರಗೋಲದಾಗ ಹೋಗಬೇಕು, ಅಷ್ಟ ಹೌದಿಲ್ಲೋ?" ಎಂದು ಒದರಿದೆ. "ಹತ್ರಿ ಹರಗೋಲ! ನೀರ ಇರಬೇಕಂತ ಯಾವ ದೇವರು ಹೇಳ್ಯಾನ? ನಾವ ಎಳೀತೀವಿ!"

ಆಕೆ ನನ್ನನ್ನು ನೋಡಿದಳು. ಮಸ್ಕಿ ಹಳ್ಳದವಳು ಎನ್ನಲಿಲ್ಲ. ಎದ್ದು ಹೋಗಿ ಹರಿಗೋಲಿನಲ್ಲಿ ಕುಳಿತಳು.

ನನ್ನ ಗಂಡ ಹಗ್ಗ ಬಿಗಿದ. ಕುರಿ ಕಾಯುವವರು ನಾಲ್ಕು ಜನ ಕೂಡಿಕೊಂಡರು. ಒಣ ಹೊಳೆಯಲ್ಲಿ ಹರಿಗೋಲು ಎಳೆಯುವುದನ್ನು ನೋಡಲು ದಂಡೆಯ ಮೇಲೆ ಜನ ನೆರೆದರು. ನಗಲು ಬಂದವರು ಅತ್ತೆಯ ಮುಖ ನೋಡಿ ಸುಮ್ಮನಾದರು. ಹರಿಗೋಲಿಗೆ ಹಿಂದು ಮುಂದು ಇಲ್ಲ. ಎಳೆದಂತೆ ಅದು ಗಿರ್ರನೆ ತಿರುಗುವುದು, ಆಕೆಯ ಮುಖ ಒಮ್ಮೆ ನಮ್ಮ ಕಡೆ, ಒಮ್ಮೆ ಮಗಳ ಊರ ಕಡೆ. ಎರಡು ಕೈಯಿಂದ ಅಂಚು ಹಿಡಿದು, ತುಂಬಿದ ಹೊಳೆಯಲ್ಲಿ ಹೇಳುವ ಹಾಗೆಯೇ "ತಾಯಿ, ದಾಟಸು, ತಾಯಿ, ದಾಟಸು" ಎನ್ನುತ್ತಿದ್ದಳು. ಉಸುಕಿನಲ್ಲಿ ಹೇಗೋ ಸಾಗಿತು. ಎಮ್ಮೆಗುಂಡಿನ ಹತ್ತಿರ ಕಲ್ಲುಗಳು ಶುರುವಾದವು. ನಾನು ಇಷ್ಟು ದಿನ ನೀರು ಕುಡಿಸಿ ಉಳಿಸಿದ ತೊಗಲು ಒಂದು ಚೂಪುಗಲ್ಲಿಗೆ ಸಿಕ್ಕಿ ಪರ್ರನೆ ಹರಿಯಿತು. ಬಿದಿರು ಮುರಿದು ಆಕೆಯ ಕುಂಡಿ ನೆಲಕ್ಕೆ ತಾಗಿತು.

ಎಳೆಯುವವರು ಹಗ್ಗ ಬಿಟ್ಟರು. ಮಾವ ಕಣ್ಮರೆಯಾದ ಜಾಗ ಅದು. ಅತ್ತೆ ಹರಿದ ಹರಿಗೋಲಿನಲ್ಲಿ ಕುಳಿತೇ ಪಡುವಣವನ್ನು ನೋಡಿದಳು. ನೊರೆಯಿಲ್ಲ, ಕಡ್ಡಿಯಿಲ್ಲ, ಬಿಸಿಲು ಮಾತ್ರ. ಆಮೇಲೆ ಅಂಚು ಹಿಡಿದು ಒಂದು ಕಾಲು ಹೊರಗಿಟ್ಟಳು. ಅದು ಸುಟ್ಟಿತೇನೋ ಎನ್ನುವ ಹಾಗೆ ಒಂದು ಕ್ಷಣ ತಡೆದು, ಇನ್ನೊಂದು ಕಾಲನ್ನೂ ಇಟ್ಟಳು. ಗಂಟು ಎತ್ತಿಕೊಂಡು ನಡೆದಳು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ನಡೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ, ನಾನು ಹಿಂದೆ ಬಿದ್ದೆ.

ನಾನು ಅತ್ತೆಯನ್ನು ಕರೆಯಲು ಓಡಿದ ಮೇಲೆ ಕೂಸು ತೀರಿಹೋಗಿತ್ತು. ಬಾಗಿಲಲ್ಲಿ ಹೆಂಗಸರ ಅಳು ಕೇಳಿದಾಗಲೇ ಗೊತ್ತಾಯಿತು. ಅತ್ತೆ ಒಳಗೆ ನುಗ್ಗಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾದಿನಿ ಕಣ್ಣು ತೆರೆದಳು.

"ಹೊಳಿ ಬಂತೇನವ್ವಾ?"

"ಬಂತವ್ವಾ, ಬಂತು. ಅದಕ್ಕ ಬಂದೆ."

ನಾದಿನಿಯ ಕೈ ತಾಯಿಯ ಸೀರೆಯ ಅಂಚನ್ನು ತಡಕಿತು, ಪಾದದವರೆಗೂ ಹೋಯಿತು. ಅಂಚು ಒಣಗಿತ್ತು. ಬೆರಳ ಸಂದಿಯಲ್ಲಿ ಉಸುಕಿತ್ತು. ಬಹಳ ಹೊತ್ತು ಆ ಉಸುಕನ್ನೇ ಸವರುತ್ತಿದ್ದಳು.

"ನಡಕೋತ ಬರಾಕ ಬರ್ತಿದ್ರ, ಮದ್ಲ ಬರಾಕ ಬರ್ತಿತ್ತಲ್ಲವ್ವಾ" ಎಂದಳು.

ಸಿಟ್ಟಿನಿಂದ ಅಂದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಅವಳು ಕೇಳಿದ್ದು ಸಣ್ಣ ಹುಡುಗಿ ಕೇಳಿದ ಹಾಗೆ. ಅತ್ತೆ ಮಗಳ ಬೆರಳಿಗೆ ಹತ್ತಿದ ಉಸುಕನ್ನು ಸೆರಗಿನಿಂದ ಒರೆಸತೊಡಗಿದಳು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಕಣ್ಣೀರಿಟ್ಟೆ.

ನಾದಿನಿ ಉಳಿದಳು. ಅತ್ತೆ ಜ್ವರ ಇಳಿಯುವ ತನಕ ಅಲ್ಲೇ ಇದ್ದು, ಆಮೇಲೆ ದಿನಾ ಹೋಗಿ ಎರೆದು, ಮೈಕಾಯಿಸಿ ಬರುತ್ತಿದ್ದಳು. ಕುರಿಗಳ ಜೊತೆಗೇ ಹೊಳೆಗೆ ಇಳಿಯುವಳು, ಕುರಿಗಳ ಜೊತೆಗೇ ಮರಳುವಳು. ಪಡುವಣದ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ನನ್ನ ಗಂಡ ಹರಿಗೋಲನ್ನು ತಂದು ತೇಪೆ ಹಾಕುತ್ತೇನೆಂದರೆ, "ಹಾಕ್ಕೋ" ಎಂದಳು, ಅಷ್ಟೇ.

ಹೊಳೆ ಬಂದದ್ದು ಅದಾದ ಎಷ್ಟೋ ದಿನಕ್ಕೆ. ನೊರೆ ಬರಲಿಲ್ಲ, ಕಡ್ಡಿ ಬರಲಿಲ್ಲ, ಕೆಂಪೂ ಇಲ್ಲ. ತಿಳಿನೀರು, ಸಪ್ಪಳವಿಲ್ಲದೆ ಬಂದು ಮಧ್ಯಾಹ್ನದೊಳಗೆ ಎಮ್ಮೆಗುಂಡಿನ ಬೆನ್ನು ಏರಿತು. ಡ್ಯಾಂ ತುಂಬಿ ಬಿಟ್ಟಿದ್ದಾರೆ ಎಂದು ಗಂಡ ಹೇಳಿದ. ಊರು ದಂಡೆಗೆ ಓಡಿತು. ನಾನು ಅರಿಶಿಣ, ಕುಂಕುಮ, ಎಲೆ ಅಡಿಕೆ ಇಟ್ಟ ತಟ್ಟೆಯನ್ನು ಅತ್ತೆಗೆ ಕೊಟ್ಟೆ. ಹಕ್ಕಿನವಳೇ ಮೊದಲು ಬಿಡಬೇಕಲ್ಲ.

ಆಕೆ ಕೊನೆಯ ಮೆಟ್ಟಿಲಿಗೆ ಇಳಿದಳು. ನೀರು ಹೆಬ್ಬೆರಳಿಗೆ ತಾಗಿತು. ಜನ ಕಾಯುತ್ತಿದ್ದರು.

"ಮದ್ಲ ಬರಾಕ ಬರ್ತಿತ್ತಲ್ಲವ್ವಾ" ಎಂದಳು ಹೊಳೆಗೆ.

ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಹತ್ತಿ ಮನೆಗೆ ಹೋದಳು. ಆ ವರ್ಷ ಹೊಳೆಗೆ ಅರಿಶಿಣ ಬಿಟ್ಟವಳು ನಾನು, ಮಸ್ಕಿ ಹಳ್ಳದವಳು.