ಕಾಂತರಾಜು ಅವರ ಬೋಣಿ ಮಾತು

ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ದೋಸೆ ಹುಯ್ಯಬಹುದು ಎಂದು ಮೊದಲು ಹೇಳಿದವರು ಕಾಂತರಾಜು. ಎಣ್ಣೆ ಬೇಕಾಗುತ್ತೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ, ‘ಬೇಡ ಸತ್ಯಕ್ಕ, ಕೂತಿರೋರ ಬೆವರೇ ಸಾಕು’ ಎಂದರು. ಪಕ್ಕದಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದವನೊಬ್ಬ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ವಿಜಯನಗರದಲ್ಲಿ ಕಾಲೇಜು ಮೈದಾನದ ಎದುರಿಗೆ ನನ್ನ ಟೀ ಅಂಗಡಿ. ಈ ಕಡೆಯವರಿಗೆಲ್ಲ ಕ್ರಿಕೆಟ್ ಹುಚ್ಚು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುವ ಹಾಗೆ ನನ್ನ ಅಂಗಡಿಯ ಗಿರಾಕಿಗಳಿಗೆ ಮಾತ್ರ ಕಾಲೇಜು ಫುಟ್‌ಬಾಲ್ ಹುಚ್ಚು. ಇವರಲ್ಲಿ ಆ ಕಾಲೇಜಿನಲ್ಲಿ ಓದಿದವರು ತೀರಾ ಕಡಿಮೆ. ಕೆಲವರು ಕಾಲೇಜು ಮೆಟ್ಟಿಲನ್ನೇ ಹತ್ತಿದವರಲ್ಲ. ಆದರೂ ‘ನಮ್ಮ ಟೀಮು’. ಟೀಮು ಬೇರೆ ಊರಿಗೆ ಆಡಲು ಹೊರಟರೆ ಇವರೂ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹಿಂದೆಯೇ ಹೊರಡುತ್ತಾರೆ. ವಾಪಸು ಬಂದ ಮೇಲೆ ಆಟದ ಮಾತು ಕಡಿಮೆ, ಬಿಸಿಲಿನ ಮಾತೇ ಜಾಸ್ತಿ. ಬಳ್ಳಾರಿಯಲ್ಲಿ ಕಣ್ಣು ಉರಿಯುತ್ತೆ, ಮಂಗಳೂರಿನಲ್ಲಿ ಅಂಗಿ ಹಿಂಡಬೇಕು, ಕಲಬುರಗಿಯಲ್ಲಿ ನಲ್ಲಿ ನೀರಲ್ಲೇ ಟೀ ಆಗುತ್ತೆ. ಇವರ ಜಗಳ ಕೇಳಿ ಕೇಳಿ, ನೋಡದ ಊರುಗಳ ಸೆಖೆಯೆಲ್ಲ ನನಗೆ ಬಾಯಿಪಾಠವಾಗಿದೆ.

ಈ ಗುಂಪಿಗೆ ಕಾಂತರಾಜು ದೊಡ್ಡಣ್ಣ. ಹೊಸಹಳ್ಳಿಯ ಹಳೆಯ ಒಕ್ಕಲು ಮನೆಯವರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲ ಈಗ ಮೂರಂತಸ್ತಿನ ಮನೆಗಳ ಸಾಲು. ಮಾಗಡಿ ರಸ್ತೆಯಲ್ಲಿ ಪೈಪು, ನಲ್ಲಿ, ಕಮೋಡು ಮಾರುವ ಅಂಗಡಿ. ಚಿಕ್ಕಂದಿನಲ್ಲಿ ಬಿನ್ನಿಪೇಟೆಯ ಮೈದಾನದಲ್ಲಿ ಬರಿಗಾಲಲ್ಲಿ ಆಡಿದವರಂತೆ. ‘ಆಡ್ತಿದ್ರಾ, ಬಾಲು ತಂದು ಕೊಡ್ತಿದ್ರಾ?’ ಎಂದು ನಾನು ಕೇಳಿದಾಗಲೆಲ್ಲ ಮಾತು ಬದಲಾಯಿಸುತ್ತಾರೆ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವರಿದ್ದ ಕಡೆ ನಗು ಇರುತ್ತದೆ.

ಬೋಣಿ ಮಾತು ಅಂದರೆ ಏನೆಂದು ಹೇಳಬೇಕು. ಹೊರ ಊರಿನ ಪಂದ್ಯಕ್ಕೆ ಮುಂಚೆ ಇವರು ಬಾಜಿ ಕಟ್ಟುತ್ತಾರೆ. ಎದುರು ಕಟ್ಟುವವರು ನಂದಿನಿ ಲೇಔಟಿನ ಇನ್ನೊಂದು ಗುಂಪು. ನಮ್ಮ ಟೀಮು ಸೋಲುವ ಹಾಗೆ ಕಂಡರೆ ಅವರು ಒಂದಕ್ಕೆ ಮೂರು ಕೊಡುತ್ತೇವೆ ಎನ್ನುತ್ತಾರೆ. ಗೆಲ್ಲುವ ಹಾಗೆ ಕಂಡರೆ ರೇಟು ಬಿದ್ದುಹೋಗುತ್ತದೆ. ಎರಡು ಗುಂಪಿನ ನಡುವೆ ಫೋನಿನಲ್ಲಿ ರೇಟು ಕುದುರಿಸುವವನು ಪಕ್ಕದ ಜೆರಾಕ್ಸ್ ಅಂಗಡಿಯ ನಾಗಭೂಷಣ್. ಅಂಗಡಿಯಲ್ಲಿ ಬೆಳಗಿನ ಬೋಣಿ ಆಗದೆ ಸಾಲ ಕೊಡದ ಹಾಗೆ, ಕಾಂತರಾಜು ಮೊದಲ ಮಾತು ಆಡದೆ ನಾಗಭೂಷಣ್ ರೇಟು ತೆಗೆಯುವುದಿಲ್ಲ. ಹಿಂದೆ ಎರಡು ಸಲ ಅವರು ಬಿಸಿಲು ನೋಡಿ ಸೋಲು ಗೆಲುವು ಹೇಳಿದ್ದು ನಿಜವಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು, ಅಷ್ಟೇ. ಆದರೆ ನಂದಿನಿ ಲೇಔಟಿನವರೂ ಅದನ್ನು ನಂಬಿದರು. ಕಾಂತರಾಜು ಏನಂದರು ಎಂದು ಕೇಳಿಸಿಕೊಳ್ಳಲು ನನ್ನ ಅಂಗಡಿಗೆ ಒಬ್ಬನನ್ನು ಟೀ ಕುಡಿಯಲು ಕಳಿಸುತ್ತಿದ್ದರು.

ಅದು ತಿಳಿದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ. ಹೋದ ವರ್ಷ ದಾವಣಗೆರೆ ಪಂದ್ಯಕ್ಕೆ ಮುಂಚೆ, ರೇಟು ಏರಲಿ ಎಂದು, ಕಾಂತರಾಜು ಟೀ ಲೋಟ ಹಿಡಿದು, ನಮ್ಮ ಗೋಲ್‌ಕೀಪರಿಗೆ ಟೈಫಾಯಿಡ್ ಎಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದರು. ಕಣ್ಣಲ್ಲಿ ನೀರು ಬೇರೆ. ನಾಗಭೂಷಣ್ ತನ್ನ ಜೆರಾಕ್ಸ್ ಅಂಗಡಿಯಲ್ಲೇ ಡಾಕ್ಟರ ಚೀಟಿ ತಯಾರಿಸಿ, ಟೀ ಕುಡಿಯಲು ಬಂದವನ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಇಟ್ಟ. ಕೋಚು ಕೂಡ ನಂಬಿ ಹಣ್ಣು ತೆಗೆದುಕೊಂಡು ಗೋಲ್‌ಕೀಪರಿನ ಮನೆಗೆ ಹೋದರೆ, ಆ ಹುಡುಗ ಬಿರಿಯಾನಿ ತಿನ್ನುತ್ತಾ ಕೂತಿದ್ದನಂತೆ. ಆ ಕತೆಯನ್ನು ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕು ಕೇಳಿದವನು ಕಾಂತರಾಜು ಅವರ ಮಗ ಅರುಣ್ ಕುಮಾರ್.

ಅರುಣ ಅದೇ ಕಾಲೇಜಿನಲ್ಲಿ ಓದುತ್ತಾನೆ, ಅದೇ ಟೀಮಿನಲ್ಲಿ ಬಲಗಡೆ ಆಡುತ್ತಾನೆ. ಅವನು ಓಡುವುದನ್ನು ನೋಡಲೆಂದೇ ನಾನು ಬೋಂಡದ ಬಾಣಲೆ ಇಳಿಸಿ ಬಂದು ನಿಂತದ್ದಿದೆ. ಈ ವರ್ಷ ಟೀಮು ಫೈನಲ್ ತಲುಪಿತು. ಫೈನಲ್ ಇದ್ದದ್ದು ರಾಯಚೂರಿನಲ್ಲಿ, ಅದೂ ಮಟಮಟ ಮಧ್ಯಾಹ್ನ.

ಅದಕ್ಕೆ ಒಂದು ವಾರ ಮುಂಚೆ ಅಭ್ಯಾಸ ಮುಗಿಸಿ ಬಂದ ಅರುಣ ಮನೆಯ ಬಾಗಿಲಲ್ಲಿ ತಲೆ ಸುತ್ತಿ ಬಿದ್ದ. ಕಾಂತರಾಜು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಬೆನ್ನಿಗೂ ಇಟ್ಟು ಇನ್ನೊಮ್ಮೆ ಕೇಳಿದರು. ಆಗ ಕಾಂತರಾಜು ಮಾಡಿದ್ದನ್ನು ನಮ್ಮ ಕಡೆಯ ಯಾವ ಅಪ್ಪನಾದರೂ ಮಾಡುತ್ತಿದ್ದ. ‘ಅರುಣ, ಗಾಡಿ ನೋ ಪಾರ್ಕಿಂಗಲ್ಲಿದೆ, ತೆಗೆದು ಪಕ್ಕಕ್ಕೆ ಹಾಕು’ ಎಂದು ಮಗನನ್ನು ಹೊರಗೆ ಕಳಿಸಿದರು. ಮಗು ಹೆದರಬಾರದು, ಕೆಟ್ಟ ಮಾತೇನಿದ್ದರೂ ಮೊದಲು ತನ್ನ ಕಿವಿಗೆ ಬೀಳಲಿ ಎಂದು. ಡಾಕ್ಟರು ಹೇಳಿದ್ದನ್ನು ಅವರೊಬ್ಬರೇ ಕೇಳಿಸಿಕೊಂಡರು. ಹೃದಯದ ಸದ್ದು ಸರಿಯಿಲ್ಲ, ಎಕೋ ಮಾಡಿಸಬೇಕು, ಅದಾಗುವವರೆಗೆ ಹುಡುಗ ಓಡಬಾರದು, ಬಿಸಿಲಲ್ಲಂತೂ ಕೂಡದೇ ಕೂಡದು. ಓಡುತ್ತಾ ಓಡುತ್ತಾ ನಿಂತುಹೋಗುವ ಹೃದಯಗಳಿವೆ ಎಂದರಂತೆ.

ಮರುದಿನ ಕಾಂತರಾಜು ಅಂಗಡಿಗೆ ಬಂದಾಗ ಎಲ್ಲರೂ ಬೋಣಿ ಮಾತಿಗೆ ಕಾದು ಕೂತಿದ್ದರು. ಟೀ ಕುಡಿಯಲು ಬರುವ ನಂದಿನಿ ಲೇಔಟಿನವನೂ ಮೂಲೆಯಲ್ಲಿದ್ದ.

‘ನಮ್ ಹುಡುಗ ಆಡಬಾರದು ಕಣ್ರಪ್ಪ,’ ಎಂದರು ಕಾಂತರಾಜು. ‘ಎದೇಲಿ ಏನೋ ತೊಂದ್ರೆ ಐತಂತೆ. ಆ ಬಿಸ್ಲಲ್ಲಿ ಓಡುದ್ರೆ ಉಳಿಯಲ್ಲ ಅಂದವ್ರೆ ಡಾಕ್ಟ್ರು.’

ಅವರ ದನಿ ನಡುಗಿತು. ಮೂಲೆಯವನು ಕಾಸು ಕೊಟ್ಟು ಫೋನು ಹಿಡಿದು ಹೊರಗೆ ಹೋದ. ಅವನು ಹೋದ ತಕ್ಷಣ ಅಂಗಡಿಗೆ ಅಂಗಡಿಯೇ ನಗತೊಡಗಿತು.

‘ಏನ್ ಆಕ್ಟಿಂಗ್ ಅಣ್ಣ,’ ಎಂದ ನಾಗಭೂಷಣ್. ‘ಟೈಫಾಯಿಡ್‌ಗಿಂತ ಇದು ಜೋರಾಗಿದೆ. ಚೀಟಿ ಬೇಕಾದ್ರೆ ಹೇಳಿ, ಹಾರ್ಟ್ ಡಾಕ್ಟ್ರ ಹೆಸರಲ್ಲೇ ಹೊಡೀತೀನಿ.’

‘ನಿಜ ಕಣೋ ನಾಗ. ಮಗನ ಮೇಲೆ ಆಣೆ.’

‘ಅದೇ ಅಣ್ಣ, ಆಣೆ ಬೇರೆ. ಅವ್ನು ಪಕ್ಕಾ ನಂಬ್ದ.’

ಅವತ್ತು ಸಂಜೆಯೊಳಗೆ ರೇಟು ಒಂದಕ್ಕೆ ಮೂರಾಯಿತು. ಕಾಂತರಾಜು ಬೇಡಿಕೊಂಡಷ್ಟೂ ಅದು ಏರಿತು. ಅವರು ಸಿಟ್ಟಾಗಿ ಲೋಟ ಕುಕ್ಕಿದರೆ ಏರಿತು, ಅಂಗಡಿಗೆ ಬರದೆ ಮನೆಯಲ್ಲಿ ಕೂತರೆ ಇನ್ನಷ್ಟು ಏರಿತು. ಕೋಚಿಗೆ ಫೋನು ಮಾಡಿದರು. ಕೋಚು, ‘ಯಜಮಾನ್ರೇ, ಹೋದ್ ಸಲ ತಗೊಂಡೋದ ಹಣ್ಣೇ ಇನ್ನೂ ಮರ್ತಿಲ್ಲ ನಾನು’ ಎಂದು ಇಟ್ಟುಬಿಟ್ಟರು. ನನಗೆ ಈ ಗಂಡಸರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಕುದಿಯುವ ಟೀಯನ್ನು ನೆತ್ತಿಗೆ ಹುಯ್ಯೋಣ ಅನ್ನಿಸಿತು.

ನಾನು ನಂಬಿದ್ದೆ. ಅಂಗಡಿಯ ಹಿಂದೆ ಲೋಟ ತೊಳೆಯುವ ನಲ್ಲಿಯ ಹತ್ತಿರ ಬಂದು ಅವರು ಮುಖಕ್ಕೆ ನೀರು ಎರಚಿಕೊಂಡು ಅತ್ತರು. ನಾಟಕ ಆಡುವವರು ಯಾರೂ ನೋಡದ ಕಡೆ ಹೋಗಿ ಅಳುವುದಿಲ್ಲ.

‘ಅರುಣ ಏನಂತಾನೆ?’ ಎಂದು ಕೇಳಿದೆ.

‘ಅವ್ನೂ ನಗ್ತಾನೆ ಸತ್ಯಕ್ಕ. ತಲೆ ಸುತ್ತಿದ್ದು ಬರೀ ಬಿಸ್ಲಿಗೆ ಅಂತಾನೆ. ನನ್ನ ಯಾಕಪ್ಪ ಆಚೆ ಕಳ್ಸಿದ್ದೆ ಅಂತಾನೆ. ಡಾಕ್ಟ್ರು ಅಂಥದ್ದು ಹೇಳಿದ್ರೆ ನನ್ನೆದುರಿಗೇ ಹೇಳ್ತಿದ್ರು ಅಂತಾನೆ.’

ಡಾಕ್ಟರಿಗೇ ಫೋನು ಮಾಡಿ ಮಗನ ಕೈಗೆ ಕೊಡಿ ಎಂದೆ. ಅದನ್ನೂ ಮಾಡಿದರು. ಡಾಕ್ಟರು ಪ್ರಾಮಾಣಿಕ ಮನುಷ್ಯ. ಎಕೋ ನೋಡದೆ ಖಚಿತವಾಗಿ ಹೇಳಲಾಗದು, ಏನೂ ಇಲ್ಲದೆಯೂ ಇರಬಹುದು, ಆದರೆ ಓಡಬೇಡ ಎಂದರಂತೆ. ಹುಡುಗ ಅದರಲ್ಲಿ ‘ಏನೂ ಇಲ್ಲದೆಯೂ ಇರಬಹುದು’ ಎನ್ನುವುದೊಂದನ್ನೇ ಹಿಡಿದುಕೊಂಡ. ಫೈನಲ್ ನೋಡಲು ರಾಜ್ಯ ತಂಡಕ್ಕೆ ಆರಿಸುವವರು ಬರುತ್ತಿದ್ದರು. ಆ ವಯಸ್ಸಿನಲ್ಲಿ ಯಾರಾದರೂ ಹಾಗೆಯೇ ಹಿಡಿದುಕೊಳ್ಳುತ್ತಾರೆ. ಫೈನಲ್ ಮುಗಿದ ಮಾರನೆಯ ದಿನವೇ ಎಕೋ ಮಾಡಿಸುತ್ತೇನೆ ಎಂದು ಮಾತು ಕೊಟ್ಟ. ತಾಯಿ ರಾಗಿಣಿಗೆ ಗಂಡನ ಮಾತು ಅರ್ಧ ನಂಬಿಕೆ, ಅರ್ಧ ಅನುಮಾನ. ಆಕೆ ದೃಷ್ಟಿ ತೆಗೆದು, ದೇವಸ್ಥಾನದಿಂದ ಕೆಂಪು ದಾರ ತಂದು ಮಗನ ಕೈಗೆ ಕಟ್ಟಿ ಬಿಟ್ಟಳು.

ಅರುಣ ಟೀ ಕುಡಿಯಲು ಬಂದಾಗ ನಾನೂ ಹೇಳಿದೆ. ‘ನಿಮ್ಮಪ್ಪ ಈ ಸಲ ಸುಳ್ಳು ಹೇಳ್ತಿಲ್ಲ ಕಣೋ. ನಾನು ಕಣ್ಣಾರೆ ನೋಡಿದೀನಿ.’

ಅವನು ನನ್ನ ಭುಜ ಹಿಡಿದು ಅಲ್ಲಾಡಿಸಿದ. ‘ಸತ್ಯಕ್ಕ, ನಿಮ್ಮನ್ನೂ ಸೇರಿಸ್ಕೊಂಡ್ರಾ? ಪಾಲು ಎಷ್ಟು?’

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಆಡುವ ಮುಂಚೆಯೇ ಹೋಗಿತ್ತು.

ಫೈನಲ್ ದಿನ ಕಾಂತರಾಜು ಎಲ್ಲರ ಜೊತೆ ಟೆಂಪೋದಲ್ಲೇ ರಾಯಚೂರಿಗೆ ಹೋದರು. ಮನೆಯಲ್ಲಿ ಕೂರಲು ಆಗಲಿಲ್ಲ. ಇಲ್ಲಿ ಉಳಿದವರು ನನ್ನ ಸಕ್ಕರೆ ಡಬ್ಬಿಗೆ ಫೋನು ಒರಗಿಸಿ ಪಂದ್ಯ ನೋಡಿದರು. ಬಿಸಿಲಿಗೆ ಫೋನಿನಲ್ಲಿ ಮೈದಾನವೆಲ್ಲ ಬೆಳ್ಳಗೆ ಕಾಣುತ್ತಿತ್ತು. ಅರುಣ ಚೆಂಡು ಹಿಡಿದು ಓಡಿದಾಗಲೆಲ್ಲ ಇವರು ಎದ್ದು ನಿಲ್ಲುತ್ತಿದ್ದರು, ನಾನು ಒಲೆಯ ಕಡೆ ತಿರುಗುತ್ತಿದ್ದೆ. ಬೋಂಡ ಒಂದು ಒಬ್ಬೆ ಪೂರಾ ಕರಟಿಹೋಯಿತು. ಅರ್ಧ ಆಟದ ಬಿಡುವಿನಲ್ಲಿ ಅಲ್ಲಿಂದ ನಾಗಭೂಷಣ್ ಫೋನು ಮಾಡಿದ. ‘ಅಣ್ಣ ಬೇಲಿ ಹಿಡ್ಕೊಂಡು ಅಳ್ತಾವ್ರೆ ಮಗಾ. ರೆಫ್ರಿ ಕಾಲಿಗೂ ಬಿದ್ರು. ಅರುಣ ಬಂದು ಕೈಮುಗ್ದು, ಸಾಕು ಹೋಗಪ್ಪ ಅಂತಾವ್ನೆ. ಇಲ್ಲಿಯವರೆಲ್ಲ ನಂಬ್‌ಬಿಟ್ರು.’ ಸಕ್ಕರೆ ಡಬ್ಬಿಯ ಮುಂದೆ ಕೂತವರು ಮತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಬೇಲಿಯ ಕಬ್ಬಿಣ ಎಷ್ಟು ಕಾದಿತ್ತೋ. ಊರಿಗೆ ಬಂದಾಗ ಕಾಂತರಾಜು ಅವರ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅರುಣನಿಗೆ ಏನೂ ಆಗಲಿಲ್ಲ. ಪೂರ್ತಿ ಆಟ ಆಡಿದ. ಗೆಲುವಿನ ಗೋಲು ಬಂದದ್ದೂ ಅವನು ಕೊಟ್ಟ ಚೆಂಡಿನಿಂದಲೇ.

ಗೆದ್ದದ್ದು ಒಳ್ಳೆಯದಾಯಿತು ಎಂದು ನನಗೆ ಮೊದಲು ಅನ್ನಿಸಿತು. ಆಮೇಲೆ ತಿಳಿಯಿತು, ಸೋತಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ. ಅಪ್ಪ ಹೇಳಿದ್ದು ಸುಳ್ಳು ಎನ್ನುವುದಕ್ಕೆ ಇನ್ನು ಯಾರಿಗೂ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಿಸಿಲಲ್ಲಿ ಪೂರ್ತಿ ಆಟ ಆಡಿ ಬಂದ ಹುಡುಗನೇ ಸಾಕ್ಷಿ. ಎಕೋ ಎಂದರೆ, ‘ರಾಯಚೂರಲ್ಲೇ ಆಯ್ತಲ್ಲಪ್ಪ ಎಕೋ’ ಎಂದ. ಅವನ ಹೆಸರು ರಾಜ್ಯ ತಂಡದ ಶಿಬಿರಕ್ಕೆ ಬಂತು. ಶಿಬಿರ ಬಳ್ಳಾರಿಯಲ್ಲಿ, ಮೇ ತಿಂಗಳು ಪೂರ್ತಿ, ಕೊನೆಗೆ ಅಲ್ಲೇ ಒಂದು ಮ್ಯಾಚು. ಕಾಂತರಾಜು ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿ ಬಂದರು, ಹುಡುಗ ಹೋಗಲಿಲ್ಲ. ಊಟ ಬಿಟ್ಟು ಕೂತರು. ‘ಯಾವ ಮ್ಯಾಚಿಗಪ್ಪ ಇದು?’ ಎಂದು ಮಗ ಕೇಳಿದ. ಆ ಮಾತು ಕೇಳಿದ ಮೇಲೆ ಎದ್ದು ಅನ್ನ ತಿಂದರಂತೆ.

ಶಿಬಿರಕ್ಕೆ ಹೊರಡುವ ದಿನ ಬೆಳಿಗ್ಗೆ ಅರುಣನನ್ನು ಕಳಿಸಿಕೊಡಲು ಗುಂಪೆಲ್ಲ ನನ್ನ ಅಂಗಡಿಯ ಮುಂದೆ ಸೇರಿತ್ತು. ಹಾರ ತಂದಿದ್ದರು. ನಾಗಭೂಷಣ್ ಎಲ್ಲರಿಗೂ ಮೈಸೂರು ಪಾಕು ಹಂಚಿದ. ರಾಗಿಣಿ ಮಗನ ಚೀಲಕ್ಕೆ ಕೋಡುಬಳೆ ಡಬ್ಬಿ ತುರುಕಿದಳು. ಶಿಬಿರದ ವ್ಯಾನು ರಸ್ತೆಯ ಆಚೆ ಹಾರನ್ ಹೊಡೆಯುತ್ತಿತ್ತು. ಕಾಂತರಾಜು ಬೋಣಿ ಮಾತು ನಿಲ್ಲಿಸಿ ಬಹಳ ದಿನವಾಗಿತ್ತು. ಬಾಯಿ ಬಿಟ್ಟರೆ ಯಾರೋ ನಗುತ್ತಾರೆಂದು ಟೀ ಬೇಕೆಂಬುದನ್ನೂ ಕೈಸನ್ನೆಯಲ್ಲೇ ಹೇಳುತ್ತಿದ್ದರು.

ಅರುಣ ಬಂದು ಅಪ್ಪನ ಕಾಲು ಮುಟ್ಟಿದ. ‘ನಿನ್ನಿಂದಾನೇ ಬಾಜಿ ಗೆದ್ವಪ್ಪ. ಬಳ್ಳಾರಿ ಮ್ಯಾಚಿಗೂ ಹಂಗೇ ಒಂದು ಬಿಡು,’ ಎಂದು ನಕ್ಕ. ಅವನ ನಗುವಿನಲ್ಲಿ ಕೊಂಕಿರಲಿಲ್ಲ. ಅಪ್ಪನ ಮೇಲೆ ಅವನಿಗೆ ಬಲು ಅಕ್ಕರೆ.

ಕಾಂತರಾಜು ಮಗನ ತಲೆಯ ಮೇಲೆ ಕೈ ಇಟ್ಟರು. ತೆಗೆಯಲೇ ಇಲ್ಲ. ಹುಡುಗ ಬಗ್ಗಿಯೇ ನಿಲ್ಲಬೇಕಾಯಿತು.

‘ನೂರ್ಕಾಲ ಬಾಳಪ್ಪ,’ ಎಂದರು.

‘ಅಣ್ಣ, ಹಂಗೆಲ್ಲ ಹೇಳಿ ಈಗ್ಲೇ ರೇಟು ಬೀಳಿಸ್ಬೇಡಿ,’ ಎಂದ ನಾಗಭೂಷಣ್. ಎಲ್ಲರೂ ನಕ್ಕರು. ಅರುಣನೂ ನಗುತ್ತಲೇ ರಸ್ತೆ ದಾಟಿ ವ್ಯಾನಿನ ಕಡೆ ಓಡಿದ.