ತಗ್ಗಿಸಿದ ಸೀಟು

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರಗಳು ಎದುರುಬದುರಾಗಿವೆ. ಒಂದರ ಮುಂದೆ ಹದಿನಾಲ್ಕು ವರ್ಷ ಕೂತವಳು ಉದ್ದಕ್ಕೆ, ತೆಳ್ಳಗೆ ಇದ್ದಳು. ಅಂಗಡಿಯಲ್ಲಿ ಎಲ್ಲರೂ ಅವಳನ್ನು ಸೂಜಿ ಎನ್ನುತ್ತಿದ್ದರು. ಇನ್ನೊಂದರ ಮುಂದೆ ಕೂರುವವಳು ಯಂತ್ರದಡಿಯ ದಾರದ ಸುರುಳಿಯ ಹಾಗೆ ಗಿಡ್ಡಕ್ಕೆ, ಗುಂಡಗೆ, ಅವಳು ಬಾಬಿನ್. ಹೆಸರಿಟ್ಟವರು ಯಜಮಾನರು. ಸೂಜಿ ಅದಕ್ಕೆ ನಕ್ಕಿದ್ದಳು. ಬಾಬಿನ್ ನಕ್ಕಂತೆ ಮಾಡಿದ್ದಳು.

ಸೂಜಿ ಈಗಿಲ್ಲ. ಕಳೆದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ, ಯಾರದೋ ಕೋಟಿನ ತೋಳು ಮೋಟು ಮಾಡುತ್ತಿದ್ದವಳು "ತಲೆ ಒಂಥರಾ ಆಗ್ತಿದೆ ಕಣೇ" ಎಂದು ಮೇಜಿನ ಮೇಲೆ ತಲೆಯಿಟ್ಟಳು, ಮತ್ತೆ ಎತ್ತಲಿಲ್ಲ. ನಲವತ್ತಾರು ವಯಸ್ಸು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ಅವಳು ಮೋಟಾರ್‌ಸೈಕಲ್ ಓಡಿಸುತ್ತಿದ್ದದ್ದು ಗೊತ್ತಿದ್ದವರು "ಗಾಡಿಯಿಂದ ಬಿದ್ದಳಾ?" ಎಂದು ಕೇಳುತ್ತಾರೆ. ಗಾಡಿಯಿಂದ ಅವಳು ಒಂದು ದಿನವೂ ಬಿದ್ದವಳಲ್ಲ. ಬಿದ್ದವಳು ಬಾಬಿನ್.

ಆ ಕೋಣೆಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ, ಇದ್ದದ್ದನ್ನು ಮೈಗೆ ಹೊಂದಿಸುವುದು. ಬಂದ ಪ್ರತಿ ಬಟ್ಟೆಯ ಒಳಮಗ್ಗುಲಿಗೆ ಒಂದು ಚೀಟಿಯನ್ನು ಎಳೆದರೆ ಬಿಚ್ಚಿಕೊಳ್ಳುವ ಕಚ್ಚಾ ಹೊಲಿಗೆ, ದಪ್ಪ ಟಾಕು ಹಾಕಿ ಕೂರಿಸುತ್ತಾರೆ: ಗಿರಾಕಿಯ ಹೆಸರು, ಅಳತೆ, ಕೊಡುವ ದಿನ. ಗಿರಾಕಿ ಹಾಕಿ ನೋಡಿ ಸರಿಯಿದೆ ಎಂದ ಮೇಲೆಯೇ ಚೀಟಿ ಕೀಳಬೇಕು. ಅಲ್ಲಿಯವರೆಗೆ ಕೆಲಸ ಮುಗಿದಿಲ್ಲವೆಂದೇ ಲೆಕ್ಕ. ಸೂಜಿಗೆ ಟೇಪು ಹಿಡಿಯುವುದೂ ಬೇಕಿರಲಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವನ ಪ್ಯಾಂಟು ನೋಡಿ "ಮುಕ್ಕಾಲು ಇಂಚು ಜಾಸ್ತಿ" ಎಂದು ಬಾಬಿನ್ ಕಿವಿಯಲ್ಲಿ ಉಸುರುವಳು. ಅವನು ಇಳಿಯುವಾಗ ಅಂಚು ತುಳಿದು ಮುಗ್ಗರಿಸುವನು. ಗಿರಾಕಿಗಳು ಬಾಗಿಲಲ್ಲೇ "ಆ ಉದ್ದನೆ ಅಕ್ಕ ಇದ್ದಾರಾ?" ಎನ್ನುತ್ತಿದ್ದರು. ಪ್ರತಿ ಸಲವೂ ಬಾಬಿನ್ನಳ ಎದೆಯಲ್ಲಿ ಸಣ್ಣದೊಂದು ಪಿನ್ನು ಚುಚ್ಚುತ್ತಿತ್ತು.

ಮೋಟಾರ್‌ಸೈಕಲ್ ಮಾತ್ರ ಬಾಬಿನ್ನಳ ಆಸೆ. ಹುಡುಗಿಯಾಗಿದ್ದಾಗಿನಿಂದ ಇತ್ತು, ಯಾರಿಗೂ ಹೇಳಿರಲಿಲ್ಲ. ಬಸ್ ಡಿಪೋ ಹಿಂದಿನ ಮೈದಾನದಲ್ಲಿ ಹೆಂಗಸರಿಗೆ ಆರು ಭಾನುವಾರ ಗಾಡಿ ಕಲಿಸುತ್ತಾರೆ ಎಂಬ ಜಾಹೀರಾತನ್ನು ಕತ್ತರಿಸಿ ತಂದವಳೂ ಅವಳೇ. ಸೂಜಿ ಬಂದದ್ದು ಬರೀ ಜೊತೆಗೆ.

"ನೀನು ಕಲಿ, ನಾನು ನೆರಳಲ್ಲಿ ಕೂತು ಅಂಗಿಗಳಿಗೆ ಗುಂಡಿ ಕಾಜಾ ಹಾಕ್ತೀನಿ," ಎಂದಿದ್ದಳು.

ಎರಡನೆಯ ಭಾನುವಾರ ಕಲಿಸುವ ಮೇಷ್ಟ್ರು, ನಿವೃತ್ತ ಬಸ್ ಚಾಲಕರು, "ಏನಮ್ಮ, ಅಲ್ಲೇ ಬೇರು ಬಿಟ್ರಾ? ಹತ್ತಿ ನೋಡಿ" ಎಂದು ಸೂಜಿಯನ್ನೂ ಎಬ್ಬಿಸಿದರು. ಯಂತ್ರದ ಪೆಡಲಿಗೆ ಪಳಗಿದ ಕಾಲು, ದಾರದ ಬಿಗಿ ತಿಳಿದ ಬೆರಳು. ಕ್ಲಚ್ಚು ಅವಳಿಗೆ ಅರ್ಧ ಗಂಟೆಯಲ್ಲಿ ಒಲಿಯಿತು. ಅದೇ ಕಾಲು, ಅದೇ ಬೆರಳು ಬಾಬಿನ್ನಳಿಗೂ ಇದ್ದವು. ಆದರೆ ಸೀಟಿನ ಮೇಲೆ ಕೂತರೆ ಅವಳ ಹೆಬ್ಬೆರಳಷ್ಟೇ ನೆಲಕ್ಕೆ ಸೋಕುತ್ತಿತ್ತು. ಸುಣ್ಣದ ಪುಡಿಯಲ್ಲಿ ಬರೆದ ಎಂಟರ ಆಕಾರದ ಗೆರೆಯ ತಿರುವಿನಲ್ಲಿ ಗಾಡಿ ವಾಲಿದೊಡನೆ ಕಾಲು ನೆಲ ಹುಡುಕುತ್ತಿತ್ತು, ನೆಲ ಸಿಗುತ್ತಿರಲಿಲ್ಲ.

"ಕಾಲು ಮುಟ್ಟುತ್ತೆ ಅನ್ನೋ ಧೈರ್ಯ ಇದ್ರೆ ಕಾಲು ಊರೋ ಕೆಲಸವೇ ಬೀಳಲ್ಲ," ಎಂದರು ಮೇಷ್ಟ್ರು, ಬಿದ್ದ ಬಾಬಿನ್ನಳನ್ನು ನಾಲ್ಕನೆಯ ಸಲ ಎಬ್ಬಿಸುತ್ತ. ಸೂಜಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಆರನೆಯ ಭಾನುವಾರ ಸೂಜಿ ಕಾಲು ಒಮ್ಮೆಯೂ ನೆಲಕ್ಕೆ ಮುಟ್ಟಿಸದೆ ಎಂಟು ಹಾಕಿದಳು. ಸುಣ್ಣದ ಗೆರೆ ಒಂದು ಕಡೆಯೂ ಅಳಿಸಲಿಲ್ಲ. ಬಾಬಿನ್ ಐದನೆಯ ಸಲ ಬಿದ್ದು, ಮೊಣಕೈ ತರಚಿಕೊಂಡು ಚಪ್ಪಾಳೆ ತಟ್ಟಿದಳು. ಉದ್ದನೆ ಕಾಲು ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ ಎಂದು ಮನೆಯವರೆಗೂ ಮನಸ್ಸಿನಲ್ಲೇ ಅಂದುಕೊಂಡಳು. ನನ್ನ ಜಾಹೀರಾತು, ನನ್ನ ಆಸೆ, ಅವಳ ಸರ್ಟಿಫಿಕೇಟು.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತು. ಸೂಜಿ ಗಾಡಿ ಕೊಳ್ಳಲು ಹೊರಟಳು. ನೋಡಲು ಬಾಬಿನ್ನಳೇ ಬರಬೇಕಂತೆ.

"ನಿನ್ನ ಕಿವಿ ಬೇಕು ಕಣೇ. ಯಂತ್ರದ ಸೂಜಿ ಮುರಿಯೋಕೆ ಮೊದಲೇ ಸದ್ದು ಕೇಳಿ ಹೇಳೋಳು ನೀನು."

ಹಳೇ ಗಾಡಿ ಮಾರುವವನ ಶೆಡ್ಡಿನಲ್ಲಿ ಕೆಂಪು ಗಾಡಿಯೊಂದಿತ್ತು. ಅವನು ಒಂದೇ ಒದೆತಕ್ಕೆ ಚಾಲೂ ಮಾಡಿದ. ಬಾಬಿನ್ ಕಣ್ಣು ಮುಚ್ಚಿ ಕೇಳಿದಳು. ಚೆನ್ನಾಗಿ ಎಣ್ಣೆ ಬಿಟ್ಟ ಯಂತ್ರದ ಹಾಗೆ ಒಂದೇ ಸಮನೆ ಹರಿಯುವ ಸದ್ದು. ಅಂಥ ಸದ್ದು ಅವಳು ಕೇಳಿಯೇ ಇರಲಿಲ್ಲ. ಅದರ ಮೇಲೆ ಉದ್ದನೆಯ ಸೂಜಿ ಕೂತು ಬೀದಿಯಲ್ಲಿ ಹೋಗುವುದು ಕಣ್ಣಿಗೆ ಕಟ್ಟಿತು.

"ಬೇಡ," ಎಂದಳು. "ಒಳಗೆ ಏನೋ ಕಟಕಟ ಅಂತಿದೆ."

"ಯಾವ ಕಟಕಟ ಅಮ್ಮ? ನಿಮ್ಮ ಹಲ್ಲಿಂದಿರಬೇಕು," ಎಂದ ಮಾರುವವನು.

ಸೂಜಿ ಗಾಡಿಯನ್ನು ನೋಡಲಿಲ್ಲ, ಬಾಬಿನ್ನಳ ಮುಖ ನೋಡಿದಳು. "ನೀನು ಹೇಳಿದ ಮೇಲೆ ಮುಗೀತು," ಎಂದು ಪಕ್ಕದಲ್ಲಿದ್ದ ಕಪ್ಪು ಗಾಡಿಯನ್ನು ಕೊಂಡಳು. ಅದಕ್ಕೆ ನಿಜವಾಗಿಯೂ ಕೆಮ್ಮಿತ್ತು.

ಎರಡು ವಾರದಲ್ಲಿ ಸೂಜಿ ತಾನೇ ಆ ಗಾಡಿಯ ಸೀಟಿನ ಫೋಮ್ ಕತ್ತರಿಸಿ, ಹೊಸ ರೆಕ್ಸಿನ್ ಹೊದಿಸಿ, ಎರಡೂವರೆ ಇಂಚು ತಗ್ಗಿಸಿಕೊಂಡು ಬಂದಳು. ಯಾಕೆ ಎಂದು ಕೇಳಿದರೆ "ಹಂಗೇ" ಎಂದಳು. ಈಗ ಅವಳ ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತಿತ್ತು. ಸಿಗ್ನಲ್ಲಿನಲ್ಲಿ ಮಡಿಸಿಟ್ಟ ಕುರ್ಚಿಯ ಹಾಗೆ ಕಾಣುತ್ತಿದ್ದಳು. ಅಂಗಡಿಯವರು ನಕ್ಕರು. ಬಾಬಿನ್ ಎಲ್ಲರಿಗಿಂತ ಜೋರಾಗಿ ನಕ್ಕು "ಬಂತು ನೋಡಿ ಮಿಡತೆ" ಎಂದಳು. ಆ ದಿನ ಊಟ ಹೊಟ್ಟೆ ತುಂಬ ಸೇರಿತು.

"ನಿನ್ನ ಎಂಟು ಯಾವಾಗ?" ಸೂಜಿ ವಾರಕ್ಕೊಮ್ಮೆ ಕೇಳುವಳು.

"ನನ್ನ ತಲೆ ಮೇಲೆ ಎಂಟು ಹಾಕು, ಹೋಗು," ಎನ್ನುವಳು ಬಾಬಿನ್. ಗೆದ್ದವಳು ಸೋತವಳನ್ನು ಕೆಣಕುತ್ತಿದ್ದಾಳೆ ಎಂದೇ ತಿಳಿದಿದ್ದಳು. ಸೂಜಿ ಬಾರೇ ಎಂದರೂ ಗಾಡಿಯ ಹಿಂದೆ ಕೂರಲಿಲ್ಲ. ಹದಿನಾಲ್ಕು ವರ್ಷ ಇಬ್ಬರೂ ಕೂತು ಹೋದ ಬಸ್ಸಿನಲ್ಲಿ ನಾಲ್ಕು ತಿಂಗಳು ಒಬ್ಬಳೇ ಹೋದಳು.

ಮೊನ್ನೆ ಸೂಜಿಯ ಗಂಡ ಅಂಗಡಿಯ ಹಿಂದಿನ ಬಾಗಿಲಿಗೆ ಗಾಡಿ ತಳ್ಳಿಕೊಂಡು ಬಂದರು. ಮನೆಗಳಿಗೆ ಬಣ್ಣ ಬಳಿಯುವವರು. ಉಗುರಿನಲ್ಲಿ ಹಳದಿ ಹಾಗೇ ಇತ್ತು.

"ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟಿದೆ ಬಾಬಿನ್. ಸಂಜೆ ಗಾಡಿ ಕೊಳ್ಳೋರು ಯಾರೋ ನೋಡೋಕೆ ಬರ್ತಾರೆ. ಎರಡು ಹೊಲಿಗೆ ಹಾಕಿ ಕೊಡ್ತೀಯಾ?"

ಸೂಜಿಯ ಹೊಲಿಗೆ ಬಿಡುವುದೆಂದರೇನು ಎಂದು ನೋಡಿದರೆ, ಬಿಟ್ಟಿರಲಿಲ್ಲ. ಒಂದು ಗೇಣು ಹೊಲಿಯದೆ ಟಾಕಿನಲ್ಲೇ ಉಳಿಸಿದ್ದಳು. ಟಾಕು ಸವೆದಿತ್ತು. ಬಾಬಿನ್ ಬೆರಳು ತೂರಿಸಿ ರೆಕ್ಸಿನ್ ಮಗುಚಿದಳು. ಒಳಗೆ ಅಂಗಡಿಯ ಚೀಟಿ ಇತ್ತು. ಹೆಸರು: ಬಾಬಿನ್. ಅಳತೆ: ಒಳಕಾಲು ಇಪ್ಪತ್ತೈದೂವರೆ. ಕೊಡುವ ದಿನ: ಎಂಟು ಹಾಕಿದ ದಿನ.

ತನ್ನ ಕಾಲಿಗೆ ಟೇಪು ಹಿಡಿದು ನೋಡಿಕೊಂಡಳು. ಇಪ್ಪತ್ತೈದೂವರೆಯೇ.

ಟೇಪು ಸುತ್ತಿಟ್ಟು, "ಭಾವ, ಆ ಕೆಂಪು ಗಾಡಿ ಚೆನ್ನಾಗೇ ಇತ್ತು," ಎಂದಳು.

"ಅವಳಿಗೂ ಗೊತ್ತಿತ್ತಲ್ಲ. ಮನೆಗೆ ಬಂದು ನಗ್ತಿದ್ಲು. 'ಬಾಬಿನ್‌ಗೆ ಹೊಟ್ಟೆ ಉರೀತಿದೆ, ಸ್ವಲ್ಪ ದಿನ ಉರೀಲಿ, ಆರುತ್ತೆ' ಅಂದ್ಲು."

ಬಾಬಿನ್ ಗಾಡಿ ಹತ್ತಿ ಕೂತಳು. ಎರಡು ಪಾದವೂ ಹಿಮ್ಮಡಿ ಸಮೇತ ನೆಲಕ್ಕೆ ಊರಿದವು. ಅಳು ಬಂತು, ಅಳುವಿನ ಜೊತೆ ಆ ಹಳೆಯ ಉರಿಯೂ ಬಂತು. ಒಳ್ಳೆಯತನದಲ್ಲೂ ಅವಳೇ ಮುಂದೆ ಹೋದಳಲ್ಲ, ಅದೂ ಉತ್ತರ ಕೊಡಲು ಬಿಡದೆ. ಉರಿ ಆರಿರಲಿಲ್ಲ. ಸೂಜಿಯ ಹಾಗೆ ಇಷ್ಟು ಒಳ್ಳೆಯ ಹೊಲಿಗೆಯನ್ನು ತಾನು ಎಂದೂ ಹಾಕಿರಲಿಲ್ಲ.

"ಸಂಜೆ ಬರೋರಿಗೆ ಏನು ಹೇಳಲಿ?" ಎಂದರು ಭಾವ.

"ಗಾಡಿ ಆಲ್ಟರೇಷನ್‌ಗೆ ಬಂದಿದೆ, ಗಿರಾಕಿ ಇನ್ನೂ ನೋಡಿ ಒಪ್ಪಿಲ್ಲ ಅನ್ನಿ."

ಚೀಟಿಯನ್ನು ಇದ್ದಲ್ಲೇ ಬಿಟ್ಟು, ತೆರೆದಿದ್ದ ಆ ಗೇಣನ್ನು ಮತ್ತೆ ಟಾಕಿನಲ್ಲೇ ಮುಚ್ಚಿದಳು. ಭಾನುವಾರ ಮೈದಾನದಲ್ಲಿ ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಎಂಟು ಬರೆದುಕೊಟ್ಟರು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಎಡಗಾಲು ಒಮ್ಮೆ ನೆಲ ಮುಟ್ಟಿತು. ಮೇಷ್ಟ್ರು ಬೇರೆ ಕಡೆ ನೋಡುತ್ತ, "ನಾನು ನೋಡಲಿಲ್ಲಮ್ಮ, ಆಯ್ತು ಅಂದ್ಕೊಳ್ಳಿ," ಎಂದರು.

"ಆಗಿಲ್ಲ," ಎಂದಳು ಬಾಬಿನ್. "ಅವಳು ಮುಟ್ಟಿಸಿರಲಿಲ್ಲ."

ಗಾಡಿ ತಿರುಗಿಸಿ ಮತ್ತೆ ಗೆರೆಯ ಮೊದಲಿಗೆ ಬಂದಳು.